ಹೆಸರಿಲ್ಲದ ಲೋಟ

1996ರ ಜನವರಿ ತಿಂಗಳ ಒಂದು ರಾತ್ರಿ ನಮ್ಮವರು ರೋಟರಿ ಕ್ಲಬ್ಬಿನ ಸಭೆ ಮುಗಿಸಿಕೊಂಡು ಬಂದವರೇ, ಚಪ್ಪಲಿ ಬಿಡುವುದಕ್ಕೂ ಮೊದಲು, "ಇವಳೇ, ಬರುವ ತಿಂಗಳು ನಮ್ಮನೆಗೆ ಆಸ್ಟ್ರೇಲಿಯಾದಿಂದ ಒಬ್ಬರು ಬರ್ತಾರೆ. ನಾಲ್ಕು ದಿನ ಇರ್ತಾರೆ. ನಾನು ಹೂಂ ಅಂದುಬಿಟ್ಟಿದ್ದೀನಿ" ಎಂದರು. ಹೂಂ ಅನ್ನುವುದು ಅವರ ಪಾಲಿಗೆ, ಅಕ್ಕಿ ನೆನೆಹಾಕುವುದು ನನ್ನ ಪಾಲಿಗೆ ಎಂಬುದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ನಡೆದುಬಂದ ಏರ್ಪಾಡು. ಆದ್ದರಿಂದ ನಾನೂ ಹೂಂ ಎಂದೆ.

ನಮ್ಮದು ಸಾಗರದ ಕಡೆಯ ಒಂದು ಸಣ್ಣ ಊರು. ಅಲ್ಲಿಗೆ ಆಸ್ಟ್ರೇಲಿಯಾದವರು ಯಾಕೆ ಬರುತ್ತಾರೆ ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತ್ತು. ರೋಟರಿ ಪ್ರತಿಷ್ಠಾನ 1965ರಲ್ಲಿ ಶುರುಮಾಡಿದ ‘ಗ್ರೂಪ್ ಸ್ಟಡಿ ಎಕ್ಸ್‌ಚೇಂಜ್’ ಎಂಬ ಯೋಜನೆಯೊಂದಿತ್ತು. ಒಂದು ದೇಶದಿಂದ ನಾಲ್ಕೈದು ಮಂದಿ ಉದ್ಯೋಗಸ್ಥರು, 25ರಿಂದ 40 ವರ್ಷದೊಳಗಿನವರು, ರೋಟರಿಯ ಸದಸ್ಯರಲ್ಲದವರು, ಒಬ್ಬ ಹಿರಿಯ ಸದಸ್ಯರ ಜೊತೆಯಲ್ಲಿ ಇನ್ನೊಂದು ದೇಶಕ್ಕೆ ಹೋಗಿ ನಾಲ್ಕರಿಂದ ಆರು ವಾರ ತಿರುಗಾಡಿ ಬರುವುದು. ಆಮೇಲೆ ಅಲ್ಲಿಂದ ಅಷ್ಟೇ ಮಂದಿ ಇಲ್ಲಿಗೆ ಬರುವುದು. ವಿಮಾನದ ಖರ್ಚು ಪ್ರತಿಷ್ಠಾನದ್ದು. ಊಟ, ವಸತಿ ಊರಿನವರದ್ದು. ಹೋಟೆಲಿನಲ್ಲಿ ಇಳಿಸಿ ಕೈತೊಳೆದುಕೊಳ್ಳುವಂತಿಲ್ಲ, ಮನೆಗಳಲ್ಲೇ ಇಟ್ಟುಕೊಳ್ಳಬೇಕು. ಒಬ್ಬರ ಮನೆಯ ಅನ್ನ ಇನ್ನೊಬ್ಬರು ಉಂಡರೆ ದೇಶದೇಶಗಳ ನಡುವೆ ಸದ್ಭಾವನೆ ಬೆಳೆಯುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. 2013ರಲ್ಲಿ ಆ ಯೋಜನೆಯನ್ನು ನಿಲ್ಲಿಸಿದರು.

ನನಗಾಗ ಮೂವತ್ತಾರು. ವಯಸ್ಸಿನ ಮಟ್ಟಿಗೆ ನಾನೂ ಆಸ್ಟ್ರೇಲಿಯಾಕ್ಕೆ ಹೋಗಬಹುದಿತ್ತು. ಅರ್ಜಿಯ ನಮೂನೆಯನ್ನು ಕುತೂಹಲಕ್ಕೆಂದು ತೆಗೆದು ನೋಡಿದೆ. ಪೂರ್ಣಾವಧಿ ಉದ್ಯೋಗ ಇರಬೇಕು ಎಂದಿತ್ತು. ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ನಾನು ಮಾಡುತ್ತಿದ್ದದ್ದು ಪೂರ್ಣಾವಧಿಯಂತೂ ಹೌದು, ಉದ್ಯೋಗವಲ್ಲ. ನಮೂನೆಯನ್ನು ಮಡಿಸಿ ಇಟ್ಟೆ.

ತಯಾರಿಯ ಕತೆ ದೊಡ್ಡದು. ಗೋಡೆಗೆ ಸುಣ್ಣ, ಕಿಟಕಿಗೆ ಸೊಳ್ಳೆ ಬಲೆ, ಹೊಸ ಚಾದರ ಎಲ್ಲ ಆಯಿತು. ಕೊನೆಗೆ ಬಂತು ಪಾಯಿಖಾನೆಯ ಪ್ರಶ್ನೆ. ಪರದೇಶದವರಿಗೆ ಕುಕ್ಕರಗಾಲಲ್ಲಿ ಕೂರುವುದು ಅಭ್ಯಾಸವಿರುವುದಿಲ್ಲ ಎಂದು ಕ್ಲಬ್ಬಿನಲ್ಲಿ ಯಾರೋ ಹೇಳಿದರಂತೆ. ನಮ್ಮವರು ಶಿವಮೊಗ್ಗದಿಂದ ಬಿಳಿಯ ಕಮೋಡು ತರಿಸಿ, ಗಾರೆಯವರನ್ನು ಹಿಡಿದು, ಹನ್ನೊಂದು ದಿನದಲ್ಲಿ ಕೂರಿಸಿಯೇಬಿಟ್ಟರು. ನಮ್ಮ ಅತ್ತೆಗೆ ಮಂಡಿನೋವು. ಕೂತರೆ ಏಳಲಾಗುವುದಿಲ್ಲ ಎಂದು ನಾಲ್ಕು ವರ್ಷದಿಂದ ಅದೇ ಕಮೋಡನ್ನು ಅವರು ಕೇಳುತ್ತಿದ್ದರು. "ನೋಡೋಣ ಅಮ್ಮ" ಎಂದು ಮಗ, "ಮಳೆಗಾಲ ಕಳೀಲಿ ಅತ್ತೆ" ಎಂದು ಸೊಸೆ. ಕಮೋಡು ಕೂರಿಸಿದ ದಿನ ಅತ್ತೆ ಗೋಡೆ ಹಿಡಿದುಕೊಂಡು ಬಂದು ನೋಡಿ, "ನನ್ನ ಮಂಡಿಗೆ ಔಷಧ ಆಸ್ಟ್ರೇಲಿಯಾದಿಂದ ಬರಬೇಕಾಯ್ತು ನೋಡು" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ವಾಸಿಯಿತ್ತು.

ಬಂದವಳು ಇಪ್ಪತ್ತೆಂಟು ವರ್ಷದ ಶಾಲಾ ಶಿಕ್ಷಕಿ. ನ್ಯೂ ಸೌತ್ ವೇಲ್ಸಿನ ಒಳನಾಡಿನ ಒಂದು ಸಣ್ಣ ಪಟ್ಟಣದವಳು. ಮೊದಲ ದಿನ ಸಭೆ. ಗಂಟೆ ಬಾರಿಸಿದರು, ಆ ದೇಶದ ಕ್ಲಬ್ಬಿನ ಪುಟ್ಟ ಧ್ವಜ ಇವರಿಗೆ, ಇವರದ್ದು ಅವರಿಗೆ, ಗಂಧದ ಹಾರ, ಶಾಲು, ವಂದನಾರ್ಪಣೆ. ನಾವು ಹೆಂಗಸರು ಇನ್ನರ್ ವ್ಹೀಲಿನವರು, ಕಡೆಯ ಸಾಲಿನಲ್ಲಿ ಕೂತು ತಟ್ಟೆಗಳ ಲೆಕ್ಕ ಹಾಕುತ್ತಿದ್ದೆವು. (ಈ ಇನ್ನರ್ ವ್ಹೀಲಿನ ಮೊದಲ ಸಭೆ ನಡೆದದ್ದು 1923ರಲ್ಲಿ, ಮ್ಯಾಂಚೆಸ್ಟರಿನ ಒಂದು ಟರ್ಕಿಶ್ ಸ್ನಾನಗೃಹದಲ್ಲಂತೆ. ಮಾರ್ಗರೆಟ್ ಗೋಲ್ಡಿಂಗ್ ಎಂಬಾಕೆ ರೋಟರಿಯವರ ಹೆಂಡಂದಿರನ್ನೆಲ್ಲ ಸೇರಿಸಿ, 1924ರ ಜನವರಿ 10ರಂದು ಸಂಸ್ಥೆ ಕಟ್ಟಿದರು. ರೋಟರಿಗೇ ಹೆಂಗಸರು ಸೇರಬಹುದು ಎಂದು ಜಗತ್ತಿಗೆಲ್ಲ ನಿಯಮವಾಗಲು 1989 ಬರಬೇಕಾಯಿತು.) ಎರಡನೆಯ ದಿನ ಜೋಗ. ಫೆಬ್ರುವರಿಯ ಜೋಗ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿಯ ನೀರು ಕರೆಂಟಿಗೆ. ಬೇಸಿಗೆಯ ಬಂಡೆಯ ಮೇಲೆ ನಾಲ್ಕು ಎಳೆ ದಾರ ಇಳಿಬಿಟ್ಟ ಹಾಗೆ ಕಾಣುತ್ತದೆ. ಹೋದವರೆಲ್ಲ ಸರದಿಯ ಮೇಲೆ, "ಮಳೆಗಾಲದಲ್ಲಿ ಬರಬೇಕಿತ್ತು" ಎಂದು ಆಕೆಯ ಬಳಿ ತಪ್ಪು ಒಪ್ಪಿಕೊಳ್ಳುವವರಂತೆ ಹೇಳಿದ್ದೇ ಹೇಳಿದ್ದು. ಆಕೆಯೋ ಬಂಡೆಯನ್ನೇ ನೋಡಿ ಸಂತೋಷಪಟ್ಟಳು.

ನಾನು ಹೇಳಬೇಕಾದದ್ದು ಅಡಿಗೆಮನೆಯಲ್ಲಿ ನಡೆದದ್ದು.

ಅದು ಆಲೆಮನೆಯ ಕಾಲ. ಅತ್ತೆ ತೊಡೆದೇವು ಮಾಡಲು ಕೂತಿದ್ದರು. ಒಲೆಯ ಮೇಲೆ ಮಡಕೆ ಬೋರಲು ಹಾಕಿ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಕೋಲಿಗೆ ಕಟ್ಟಿದ ಬಟ್ಟೆಯಿಂದ ಒಂದೇ ಎಳೆತಕ್ಕೆ ಮಡಕೆಯ ಬೆನ್ನಿಗೆ ತೊಡೆಯಬೇಕು. ಕಾಗದಕ್ಕಿಂತ ತೆಳ್ಳಗೆ ಏಳುತ್ತದೆ. ನಮ್ಮ ಅತ್ತೆಯ ಅಡಿಗೆಮನೆಗೆ ಸ್ನಾನವಾಗದೆ ನಾನೂ ಕಾಲಿಡುವಂತಿರಲಿಲ್ಲ. ಆ ಹುಡುಗಿ ಬೀದಿಯಿಂದ ಬಂದ ಕಾಲುಚೀಲದಲ್ಲೇ ಸರಸರ ಒಳಗೆ ನಡೆದು ಒಲೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ನಾನು ಬಾಗಿಲಲ್ಲಿ ಉಸಿರು ಹಿಡಿದು ನಿಂತೆ. ಅತ್ತೆ ತಲೆಯೆತ್ತಿ ನೋಡಿದರು. "ಕೂತ್ಕೊಳ್ಳಲಿ ಬಿಡೇ. ಅದಕ್ಕೇನು ಗೊತ್ತು, ಪಾಪ" ಎಂದು ಹೇಳಿ, ಕೋಲನ್ನೇ ಆಕೆಯ ಕೈಗೆ ಕೊಟ್ಟರು. ಮೂರು ತೊಡೆದೇವು ಹರಿದವು, ನಾಲ್ಕನೆಯದು ಎದ್ದು ಬಂತು. ಇಬ್ಬರೂ ನಕ್ಕರು. ನಲವತ್ತು ವರ್ಷದ ಮಡಿ ಅರ್ಧ ನಿಮಿಷದಲ್ಲಿ ಸಡಿಲವಾದದ್ದನ್ನು ಕಣ್ಣಾರೆ ಕಂಡೆ. ನನಗೆ ನಿಜವಾಗಿಯೂ ಖುಷಿಯಾಯಿತು, ಸುಳ್ಳು ಹೇಳಲಾರೆ.

ನಮ್ಮ ಮನೆಗೆ ಆಗ ಪಾತ್ರೆ, ಬಟ್ಟೆ, ಕಸಕ್ಕೆ ಒಬ್ಬಾಕೆ ಬರುತ್ತಿದ್ದಳು. ಹೆಸರು ಬರೆಯುವುದಿಲ್ಲ; ಆಕೆಯ ಒಪ್ಪಿಗೆ ಕೇಳಿಲ್ಲ, ಊರು ಸಣ್ಣದು. ಹನ್ನೆರಡು ವರ್ಷ ಹಿತ್ತಿಲ ಬಾಗಿಲಿನಿಂದ ಬಂದು ಹಿತ್ತಿಲ ಬಾಗಿಲಿನಿಂದ ಹೋದಳು. ನನ್ನ ಇಬ್ಬರು ಮಕ್ಕಳ ಬಾಣಂತನದಲ್ಲಿ ರಾತ್ರಿಯೆಲ್ಲ ನೀರು ಕಾಯಿಸಿಕೊಟ್ಟವಳು. ಆಕೆಯ ಕಾಫಿಯ ಲೋಟ ಹಿತ್ತಿಲ ಕಟ್ಟೆಯ ಮೇಲೆ ಬೋರಲಾಗಿರುತ್ತಿತ್ತು. ಆಕೆಯೇ ತೊಳೆದು ಹಿಡಿಯುವುದು, ನಾನು ಎತ್ತರದಿಂದ ಹೊಯ್ಯುವುದು. ಇದನ್ನು ಬರೆಯುವಾಗ ಎಷ್ಟು ಕೆಟ್ಟದಾಗಿ ಕೇಳಿಸುತ್ತಿದೆಯೋ, ಆಗ ದಿನವೂ ಮಾಡುವಾಗ ಅಷ್ಟೂ ಕೇಳಿಸುತ್ತಿರಲಿಲ್ಲ. ಮಾಡುವವರಿಗೆ ಅಭ್ಯಾಸದ ಸದ್ದು ಕೇಳುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಆ ಹುಡುಗಿ ತನ್ನ ಕಾಫಿ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ಕಟ್ಟೆಯ ಮೇಲೆ ಆಕೆಯ ಪಕ್ಕ ಕೂತಳು. ಭಾಷೆಯಿಲ್ಲ, ಹೆಸರು ಕೇಳಿ ಹೇಳಿ ಕಲಿತಳು, ಬಳೆ ಮುಟ್ಟಿ ನೋಡಿದಳು, ಮಕ್ಕಳೆಷ್ಟು ಎಂದು ಬೆರಳಲ್ಲಿ ಕೇಳಿದಳು. ಆಮೇಲೆ ಇಬ್ಬರ ಲೋಟವನ್ನೂ ಎತ್ತಿಕೊಂಡು ಒಳಗೆ ಬಂದು, ಬಚ್ಚಲಲ್ಲಿದ್ದ ಉಳಿದ ಲೋಟಗಳ ಜೊತೆ ತೊಳೆದು, ಎಲ್ಲವನ್ನೂ ಅಡಿಗೆಮನೆಯ ಸ್ಟ್ಯಾಂಡಿನಲ್ಲಿ ಜೋಡಿಸಿದಳು. ಹದಿಮೂರು ಲೋಟ, ಒಂದೇ ಅಳತೆಯವು. ನಾನು ನೋಡಿದೆ. ನೋಡಿ ಸುಮ್ಮನಾದೆ. ಅತಿಥಿಯ ಎದುರು ಲೋಟ ಆರಿಸುವುದು ಹೇಗೆ?

ಆ ರಾತ್ರಿ ಜಗಲಿಯಲ್ಲಿ ಕೂತಿದ್ದಾಗ ಆಕೆ ಕೇಳಿಯೇಬಿಟ್ಟಳು: "ಅವಳು ಒಳಗೆ ಯಾಕೆ ಬರುವುದಿಲ್ಲ?" ನನ್ನ ಮುರುಕು ಇಂಗ್ಲಿಷಿನಲ್ಲಿ, "ಅವಳಿಗೇ ಇಷ್ಟವಿಲ್ಲ" ಎಂದೆ. ಇಂಗ್ಲಿಷ್ ಮುರುಕಾಗಿದ್ದರೂ ಸುಳ್ಳು ಗಟ್ಟಿಮುಟ್ಟಾಗಿಯೇ ಬಂತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ಊರಿನ ಮಾತು ತೆಗೆದಳು. ಅಲ್ಲಿಯ ಮೂಲನಿವಾಸಿಗಳು ಊರಿನ ಅಂಚಿನಲ್ಲಿದ್ದಾರೆ. ಬಹುಕಾಲ ಅವರನ್ನು ದೇಶದ ಜನಸಂಖ್ಯೆಯ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಸಂವಿಧಾನದಲ್ಲಿದ್ದ ಆ ಮಾತನ್ನು ತೆಗೆಯಬೇಕೋ ಬೇಡವೋ ಎಂದು 1967ರಲ್ಲಿ ಜನಮತ ಕೇಳಿದರು. ನೂರಕ್ಕೆ 90ಕ್ಕೂ ಹೆಚ್ಚು ಮಂದಿ ತೆಗೆಯಬೇಕು ಎಂದರು. ಆಕೆ ಹುಟ್ಟುವುದಕ್ಕೆ ಹಿಂದಿನ ವರ್ಷ. "ನನ್ನ ಅಪ್ಪ ಅಮ್ಮ ಇಬ್ಬರೂ ಹೌದು ಎಂದು ಮತ ಹಾಕಿದವರು. ಆದರೆ ಅವರಲ್ಲಿ ಒಬ್ಬರೂ ನಮ್ಮ ಮನೆಗೆ ಚಹಕ್ಕೆ ಬಂದದ್ದು ನನಗೆ ನೆನಪಿಲ್ಲ. ಅವರ ಮಕ್ಕಳಿಗೆ ನಾನು ಪಾಠ ಹೇಳುತ್ತೇನೆ. ಅವರ ಮನೆಯೊಳಗೆ ಒಂದು ದಿನವೂ ಹೋಗಿಲ್ಲ. ಇಲ್ಲಿ ಹಿತ್ತಿಲಲ್ಲಿ ಕೂತಷ್ಟು ಸುಲಭವಾಗಿ ಅಲ್ಲಿ ಕೂರುತ್ತೇನೆಯೇ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ" ಎಂದಳು.

ನಾನು ಹೇಳಿದ್ದು ಸುಳ್ಳು ಎಂದು ಆಕೆಗೆ ಗೊತ್ತಾಗಿತ್ತು. ಅದಕ್ಕೆ ಬದಲು ತನ್ನದೊಂದು ನಿಜ ಕೊಟ್ಟಳು. ಆ ನಾಲ್ಕು ದಿನದಲ್ಲಿ ನಡೆದ ನಿಜವಾದ ವಿನಿಮಯ ಅದೊಂದೇ, ಅದೂ ಸಮವಾಗಿರಲಿಲ್ಲ.

ನಾಲ್ಕನೆಯ ದಿನ ಆಕೆ ಹೋದಳು. ಐದನೆಯ ದಿನ ಬೆಳಿಗ್ಗೆ ನಾನು ಲೋಟ ಹುಡುಕಿದೆ.

ನಮ್ಮ ಕಡೆ ಸ್ಟೀಲಿನ ಪಾತ್ರೆಗೆ ಅಂಗಡಿಯಲ್ಲೇ ಹೆಸರು ಹಾಕಿಸುವುದುಂಟಲ್ಲ. ನಮ್ಮ ಮನೆಯ ಲೋಟಗಳಿಗೆಲ್ಲ ಅತ್ತೆಯ ಹೆಸರು, ಊರು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದೆ. ಹನ್ನೆರಡರ ಮೇಲೆ ಹೆಸರಿತ್ತು. ಒಂದರ ಮೇಲೆ ಏನೂ ಇರಲಿಲ್ಲ. ಅದನ್ನು ತೆಗೆದುಕೊಂಡು ಹೋಗಿ ಹಿತ್ತಿಲ ಕಟ್ಟೆಯ ಮೇಲೆ ಬೋರಲು ಹಾಕಿದೆ. ಆಕೆ ಬಂದಳು, ತೊಳೆದು ಹಿಡಿದಳು, ನಾನು ಹೊಯ್ದೆ. ಇಬ್ಬರೂ ಏನೂ ಮಾತಾಡಲಿಲ್ಲ.

ಯಾರೂ ನನಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ಅತ್ತೆ ಕೇಳಲೂ ಇಲ್ಲ. ಅದುವರೆಗೆ ನನ್ನ ಮನಸ್ಸಿಗೆ ನಾನು ಕೊಟ್ಟುಕೊಳ್ಳುತ್ತಿದ್ದ ಉತ್ತರ ಒಂದಿತ್ತು: ಹಿರಿಯರಿದ್ದಾರೆ, ಮನೆಯ ಪದ್ಧತಿ, ನನ್ನ ಕೈಯಲ್ಲಿ ಏನಿದೆ? ಅನೇಕ ಹೆಂಗಸರು ಈ ಉತ್ತರದ ನೆರಳಿನಲ್ಲೇ ಬದುಕುತ್ತೇವೆ, ಅದು ಬಹಳ ಮಟ್ಟಿಗೆ ನಿಜವೂ ಹೌದು. ಆದರೆ ತೊಡೆದೇವಿನ ಮಡಕೆಯ ಮುಂದೆ ಆ ಉತ್ತರ ಮುಗಿದುಹೋಗಿತ್ತು. ಬಗ್ಗುವುದೇ ಇಲ್ಲ ಎಂದುಕೊಂಡಿದ್ದ ನಿಯಮ ಅತಿಥಿಗಾಗಿ ಬಗ್ಗಿತಲ್ಲ. ಒಮ್ಮೆ ಬಗ್ಗಿದ ಮೇಲೆ, ಅದು ಬಗ್ಗದ್ದು ಎಂದು ಇನ್ನೊಬ್ಬರಿಗೆ ಹೇಳುವ ಹಕ್ಕು ನನಗೆ ಉಳಿಯಲಿಲ್ಲ. ಅತಿಥಿ ಬರದೆ ಇದ್ದಿದ್ದರೆ ನಾನು ಅಭ್ಯಾಸದವಳಾಗಿ ಇರುತ್ತಿದ್ದೆ. ಆಕೆ ಬಂದು ಹೋದಮೇಲೆ ನಾನು ಮಾಡಿದ್ದು ಆಯ್ಕೆ.

ನಮ್ಮವರ ಮೇಜಿನ ಮೇಲೆ ರೋಟರಿಯ ನಾಲ್ಕು ಪ್ರಶ್ನೆಗಳ ಒಂದು ಫಲಕವಿತ್ತು. ಅದರ ಹುಟ್ಟಿನ ಕತೆ ನನಗೆ ಇಷ್ಟ. 1932ರಲ್ಲಿ ಷಿಕಾಗೋದ ಹರ್ಬರ್ಟ್ ಟೇಲರ್ ಎಂಬುವರು ದಿವಾಳಿಯ ಅಂಚಿಗೆ ಬಂದಿದ್ದ ಒಂದು ಅಲ್ಯೂಮಿನಿಯಂ ಪಾತ್ರೆ ಕಂಪನಿಯನ್ನು ಎತ್ತಿನಿಲ್ಲಿಸುವುದಕ್ಕೆಂದು ಬರೆದುಕೊಂಡ ಪ್ರಶ್ನೆಗಳವು. 1943ರಲ್ಲಿ ರೋಟರಿ ಅವನ್ನು ತನ್ನದಾಗಿಸಿಕೊಂಡಿತು. ಇದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುತ್ತದೆಯೇ, ಎಲ್ಲರಿಗೂ ಒಳಿತೇ ಎಂಬ ಅರ್ಥದವು. ಧೂಳು ಒರೆಸುವಾಗಲೆಲ್ಲ ಓದಿದ್ದೇನೆ. ಎರಡನೆಯದರಲ್ಲಿ ‘ಸಂಬಂಧಪಟ್ಟ ಎಲ್ಲರೂ’ ಎಂದು ಬರುತ್ತದೆ. ಯಾರು ಸಂಬಂಧಪಟ್ಟವರು ಎಂದು ಪಟ್ಟಿ ಮಾಡುವವರು ನಾವೇ ಆದರೆ, ಎಂಥ ಕೆಲಸವೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಪಾತ್ರೆ ಮಾರುವವರಿಗೆಂದು ಹುಟ್ಟಿದ ಪ್ರಶ್ನೆ ನಮ್ಮ ಮನೆಯಲ್ಲಿ ಮೇಜಿನಿಂದ ಪಾತ್ರೆಗಳವರೆಗೆ ಬರಲಿಲ್ಲ.

ನಮ್ಮವರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ವಿಚಾರ ಮಾಡುವವರು. "ನೋಡು, ನಾಲ್ಕು ದಿನ ಅಂತ ಗೊತ್ತಿತ್ತು, ಅದಕ್ಕೇ ಸಾಧ್ಯವಾಯ್ತು. ದಿನಾ ಮಾಡು ಅಂದ್ರೆ ಅಮ್ಮನ ಕೈಲಿ ಆಗ್ತಿತ್ತಾ? ಅಷ್ಟಕ್ಕೇ ನಾಲ್ಕು ದಿನದ್ದೆಲ್ಲ ಸುಳ್ಳು ಅಂತೀಯಾ?" ಎಂದರು. ಅವರ ಮಾತಿನಲ್ಲಿ ತಿರುಳಿದೆ. ಹೋಗುವ ದಿನ ಗೊತ್ತಿರುವವರಿಗೆ ಒಳ್ಳೆಯವರಾಗಿರುವುದು ಸುಲಭ. ಹಿಂತಿರುಗುವ ಟಿಕೆಟು ಕೈಯಲ್ಲಿರುವುದರಿಂದಲೇ ಆ ಹುಡುಗಿಗೂ ನಮ್ಮ ಹಿತ್ತಿಲಲ್ಲಿ ಕೂರುವುದು ಸುಲಭವಾಯಿತು. ಹಾಗೆಂದು ಆಕೆ ಕೂತದ್ದು ಸುಳ್ಳೇ? ಹಿತ್ತಿಲಲ್ಲಿ ಪಕ್ಕದಲ್ಲಿ ಕೂತಿದ್ದವಳಿಗೆ ಅದು ಸುಳ್ಳಾಗಿರಲಿಲ್ಲ.

ದೂರದವರಿಗೆ ಮಾಡಿದ ಒಳಿತನ್ನು ನಾನು ಹಗುರವಾಗಿ ಕಾಣಲಾರೆ. ಅದಕ್ಕೆ ಕಾರಣ ಪೋಲಿಯೊ. ರೋಟರಿ 1985ರಲ್ಲಿ ಆ ಕೆಲಸ ಹಿಡಿಯಿತು. 1988ರಲ್ಲಿ ಜಗತ್ತಿನ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳು ಕೈಕಾಲು ಕಳೆದುಕೊಳ್ಳುತ್ತಿದ್ದರು. ಎಲ್ಲೆಲ್ಲಿಯದೋ ಊರುಗಳಲ್ಲಿ ಜನ ಕಾಣದ ಮಕ್ಕಳಿಗಾಗಿ ದುಡ್ಡು ಕೂಡಿಸಿದರು. ಕೊಟ್ಟವರ ಮನೆಯ ಹಿತ್ತಿಲಲ್ಲಿ ಯಾವ ಲೋಟ ಬೋರಲಾಗಿತ್ತೋ ಯಾರೂ ಕೇಳಲಿಲ್ಲ. ಕೇಳುತ್ತ ಕೂತಿದ್ದರೆ ಹನಿ ಮಗುವಿನ ಬಾಯಿಗೆ ಬೀಳುತ್ತಿರಲಿಲ್ಲ. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ 1995ರ ಡಿಸೆಂಬರಿನಲ್ಲಿ ಶುರುವಾಯಿತು. ಕಡೆಯ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂದು ಪ್ರಮಾಣಪತ್ರ ಬಂತು. ದೂರದ ಸದ್ಭಾವನೆಯ ಫಲ ಅಷ್ಟು ನಿಜ. ಆದರೆ ಅದು ಬೇರೆ ಖಾತೆ. ಅಲ್ಲಿ ಜಮೆಯಾದದ್ದನ್ನು ಇಲ್ಲಿಯ ಸಾಲಕ್ಕೆ ವಜಾ ಹಾಕಿಕೊಳ್ಳುವ ಹಾಗಿಲ್ಲ. ನಾನು ಬಹಳ ವರ್ಷ ಹಾಗೆ ಹಾಕಿಕೊಂಡೇ ನೆಮ್ಮದಿಯಾಗಿದ್ದೆ.

2000ನೇ ಇಸವಿಯ ಹೊತ್ತಿಗೆ ಬೂತಿನ ಜೊತೆಗೆ ಮನೆಮನೆಗೆ ಹೋಗಿ ಹನಿ ಹಾಕುವುದು ಶುರುವಾಗಿತ್ತು. ಭಾನುವಾರ ಬೂತಿಗೆ ಬಾರದ ಮಕ್ಕಳನ್ನು ಮರುದಿನ ಹುಡುಕಿಕೊಂಡು ಹೋಗುವುದು. ಮಂಜುಗಡ್ಡೆಯ ಪೊಟ್ಟಣಗಳ ನಡುವೆ ಲಸಿಕೆಯ ಸೀಸೆ ಇಟ್ಟ ನೀಲಿ ಪೆಟ್ಟಿಗೆ, ಎಡಗೈಯ ಕಿರುಬೆರಳಿಗೆ ಮಸಿಯ ಗುರುತು, ಮನೆಯ ಬಾಗಿಲ ಬಳಿ ಸೀಮೆಸುಣ್ಣದ ಗುರುತು. ನಾವು ಇನ್ನರ್ ವ್ಹೀಲಿನ ಮೂವರು ನರ್ಸಮ್ಮನ ಜೊತೆ ಒಂದು ಕೇರಿಗೆ ಹೋದೆವು. ಬಾಗಿಲು ತೆರೆಯಲಿಲ್ಲ. ಇಸ್ತ್ರಿ ಸೀರೆಯ ನಮ್ಮನ್ನು ನೋಡಿ ಕೆಲವರು ಮಗುವನ್ನು ಹಿಂದಿನಿಂದ ಸಾಗಿಸಿದ್ದೂ ಉಂಟು. ಆಗ ನಮ್ಮ ಮನೆಯ ಆಕೆ ಸಿಕ್ಕಳು. ಅದು ಆಕೆಯದೇ ಕೇರಿ. ಪೆಟ್ಟಿಗೆಯನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡು ಮುಂದೆ ನಡೆದಳು. ಹೆಸರು ಹಿಡಿದು ಕೂಗಿದಳು, ಬೈದಳು, ಒಂದು ಮಗುವನ್ನು ಮಂಚದಡಿಯಿಂದ ಎಳೆದು ತಂದಳು. ಒಂದು ಗಂಟೆಯಲ್ಲಿ ಕೇರಿ ಮುಗಿಯಿತು. ಊರಿನ ಕ್ಲಬ್ಬಿನ ವರದಿಯಲ್ಲಿ ಆ ಕೇರಿಯ ಲೆಕ್ಕ ನಮ್ಮ ಮೂವರ ಹೆಸರಿನಲ್ಲಿ ಹೋಯಿತು. ಬರೆದುಕೊಟ್ಟವಳು ನಾನೇ.

ಕೆಲಸ ಮುಗಿದ ಮೇಲೆ ತನ್ನ ಮನೆಗೆ ಕರೆದು ಕಾಫಿ ಮಾಡಿದಳು. ಜೊತೆಯವರಿಬ್ಬರೂ, "ಈಗಷ್ಟೇ ಆಯ್ತು", "ನಂಗೆ ಸಕ್ಕರೆ ಕಾಯಿಲೆ" ಎಂದರು. ನಾನು ಲೋಟ ತೆಗೆದುಕೊಂಡು ಎಂಜಲು ಮಾಡಿಯೇ ಕುಡಿದೆ. ಕುಡಿಯುವಾಗ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು, ಅದನ್ನೂ ಒಪ್ಪಿಕೊಳ್ಳಬೇಕು. ಆಕೆ ನನ್ನ ಕೈಯಲ್ಲಿದ್ದ ಲೋಟವನ್ನೇ ನೋಡುತ್ತ, "ನಮ್ಮನೇಲಿ ಬೇರೆ ಲೋಟ ಇಲ್ಲಮ್ಮ" ಎಂದಳು.

ಒಳ್ಳೆಯ ಲೋಟ ಇಲ್ಲ ಎಂಬ ಸಂಕೋಚದ ಮಾತೋ, ಮತ್ತೇನೋ. ಮುಖದಲ್ಲಿ ಏನೂ ಕಾಣಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ, ಇಂದಿಗೂ ಕೇಳಿಲ್ಲ.

ಮರುದಿನದಿಂದ ಲೋಟ ಒಳಗೆ ಬಂತು ಎಂದು ಬರೆಯಬೇಕೆಂದು ಕೈ ತುಡಿಯುತ್ತದೆ. ಬರಲಿಲ್ಲ. ಅತ್ತೆಗೆ ಹುಷಾರಿರಲಿಲ್ಲ, ಮನೆಯಲ್ಲಿ ನೂರು ತಾಪತ್ರಯ, ಈ ತಿಂಗಳು ಆ ತಿಂಗಳು ಎಂದು ಮುಂದೆ ಹೋಯಿತು. ಮರುವರ್ಷ ಆಕೆಗೆ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ನಮ್ಮ ಮನೆ ಬಿಟ್ಟಳು. ಆಕೆ ಮಾಡಿದ ಉಪ್ಪಿಟ್ಟನ್ನು ಊರಿನ ಎಲ್ಲ ಕೇರಿಯ ಮಕ್ಕಳೂ ತಿಂದು ಬೆಳೆದರು. ಅತ್ತೆ 2003ರಲ್ಲಿ ತೀರಿಕೊಂಡರು. ಕಡೆಯವರೆಗೂ ಆ ಕಮೋಡನ್ನು ‘ಆಸ್ಟ್ರೇಲಿಯಾ’ ಎಂದೇ ಕರೆಯುತ್ತಿದ್ದರು. ಈಗ ನಮ್ಮ ಮನೆಗೆ ಬರುವವಳು ಮುಂಬಾಗಿಲಿನಿಂದ ಬಂದು, ಗ್ಯಾಸಿನ ಮುಂದೆ ನಿಂತು ತನಗೂ ನನಗೂ ಕಾಫಿ ಬೆರೆಸುತ್ತಾಳೆ, ಕೈಗೆ ಸಿಕ್ಕ ಲೋಟದಲ್ಲಿ. ಯಾರಿಗೆ ಕೊಡಬೇಕಿತ್ತೋ ಆಕೆಗೆ ಸಲ್ಲಲಿಲ್ಲ, ಅಷ್ಟೆ.

ಆ ಆಸ್ಟ್ರೇಲಿಯಾದ ಹುಡುಗಿ ಅದೇ ವರ್ಷ ಡಿಸೆಂಬರಿನಲ್ಲಿ ಕಾಗದ ಬರೆದಿದ್ದಳು. ಜೋಗ, ತೊಡೆದೇವು, ಅತ್ತೆಯ ಮಂಡಿ ಎಲ್ಲ ವಿಚಾರಿಸಿ, ಹಿತ್ತಿಲಲ್ಲಿ ಜೊತೆಗೆ ಕೂತವಳ ಹೆಸರನ್ನು ಅಕ್ಷರ ತಪ್ಪಿಲ್ಲದೆ ಬರೆದು, ಆಕೆ ಹೇಗಿದ್ದಾಳೆ, ಕೇಳಿದೆನೆಂದು ಹೇಳಿ ಎಂದಿದ್ದಳು. ತನ್ನ ಶಾಲೆಯ ಒಬ್ಬ ಹುಡುಗನ ಅಜ್ಜಿಯ ಮನೆಗೆ ಹೋಗಿಬಂದದ್ದನ್ನೂ ಎರಡು ಸಾಲಿನಲ್ಲಿ ಬರೆದಿದ್ದಳು. ಅದರ ಬಗ್ಗೆ ಹೆಚ್ಚು ಹೇಳಿರಲಿಲ್ಲ. "ಎಲ್ಲರೂ ಚೆನ್ನಾಗಿದ್ದಾರೆ" ಎಂದು ನಾನು ಉತ್ತರ ಬರೆದೆ. ಹಿತ್ತಿಲಿನವಳಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಲೋಟದ ಮಾತು ನಡುವೆ ಬರುತ್ತಿತ್ತೇನೋ ಎಂಬ ಅಳುಕು.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕಳು. ತಲೆಯೆಲ್ಲ ಬೆಳ್ಳಗಾಗಿದೆ, ನನ್ನದೂ. ಮೊಮ್ಮಗಳು ಶಿವಮೊಗ್ಗದಲ್ಲಿ ಓದುತ್ತಿದ್ದಾಳಂತೆ, ನೋಡಲು ಹೊರಟಿದ್ದಳು. ಅದೂ ಇದೂ ಮಾತಾಡಿ, "ಆವಾಗ ಬಂದಿದ್ರಲ್ಲ ಬಿಳೀ ಅಮ್ಮ, ಅವ್ರು ಆಮೇಲೆ ಕಾಗದ ಗೀಗದ ಹಾಕಿದ್ರಾ?" ಎಂದು ಕೇಳಿದಳು.

"ಹಾಕಿದ್ಲು. ನಿನ್ನ ಹೆಸರು ಬರೆದು, ಕೇಳ್ದೆ ಅಂತ ಹೇಳಿ ಅಂದಿದ್ಲು" ಎಂದೆ.

"ಯಾವಾಗ?"

ಹೇಳಿದೆ. ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಅಷ್ಟು ದಿನದ್ದು ಈಗ ಹೇಳ್ತೀರಲ್ಲಮ್ಮ" ಎಂದು ನಕ್ಕಳು. ಶಿವಮೊಗ್ಗದ ಬಸ್ಸು ಬಂತು. ಚೀಲ ಎತ್ತಿಕೊಟ್ಟೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು.